ಬೆವರದ ತಮ್ಮನಿಗೊಂದು ಡಂಗುರ

ನನ್ನ ತಮ್ಮನ ಅಂಗಿ ಯಾವತ್ತೂ ಬೆವರು ನಾತ ಹೊಡೆದದ್ದಿಲ್ಲ. ಶಿಕಾರಿಪುರದ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ ನನ್ನ ಪಾಲಿಗೆ ಬಂದ ದಿನ ನಾನು ಅದನ್ನು ಮೂಸಿ ನೋಡಿ, ಒಗೆಯದೆ ಹಾಗೇ ಮಡಿಸಿ ಇಟ್ಟುಬಿಡುತ್ತಿದ್ದೆ. ಅವ್ವ ಬಿಡಿಸಿ ನೋಡಿದರೆ ಬೆನ್ನ ತುಂಬ ಮಣ್ಣು. ಆಮೇಲೆ ನನ್ನ ಬೆನ್ನಿಗೆ ಎರಡು.

ಅವನಿಗೆ ಬೆವರೇ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಗೆ. ತಲೆಯ ಮೇಲೆ ಇದ್ದೂ ಇಲ್ಲದಂತೆ ನವಿರು ಕೂದಲು. ಬಾಯಲ್ಲಿ ನಾಲ್ಕೈದು ಹಲ್ಲು, ಅವೂ ಬೆಕ್ಕಿನ ಮರಿಯವುಗಳಂತೆ ಚೂಪು. ಬೇಸಿಗೆ ಬಂತೆಂದರೆ ಮೈ ಕಾದ ಹಂಚು. ತಡೆಯಲಾಗದೆ ದನಗಳಿಗೆ ನೀರು ಹಾಕುವ ಕಲ್ಲುಬಾನಿಯೊಳಗೆ ಹೋಗಿ ಕೂರುತ್ತಿದ್ದ. ನಮ್ಮ ಎಮ್ಮೆಗೂ ಅವನಿಗೂ ಅದರ ವಿಷಯದಲ್ಲಿ ದಿನಾ ತಕರಾರು.

ಆಣೆ ಹೋಗಿ ಹೊಸ ಪೈಸೆ ಬಂದ ಕಾಲ ಅದು. ಸರಕಾರಿ ಆಸ್ಪತ್ರೆಯ ಡಾಕ್ಟರು ತಮ್ಮನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬಾಯಿ ತೆರೆಸಿದರು. ಆಮೇಲೆ ಅವ್ವನಿಗೆ, “ಇದು ಭಾಳ ಅಪರೂಪದ ಕಾಯಿಲೆ ಕಣಮ್ಮ. ಬೆವರು ಬಂದ್ರೆ ತಾನೇ ಮೈ ತಣ್ಣಗಾಗೋದು, ಇವನಿಗೆ ಅದೇ ಇಲ್ಲ. ಔಷಧಿ ಅಂತ ಕೊಡಕ್ಕೆ ಏನೂ ಇಲ್ಲ. ಮೈ ಬಿಸಿಯಾದ್ರೆ ನೀರು ಹಾಕು, ನೆರಳಲ್ಲಿಡು. ಹೊದಿಸಿ ಮಾತ್ರ ಮಲಗಿಸಬೇಡ,” ಅಂದರು.

ನಮ್ಮ ಬೀದಿಗೆಲ್ಲ ಇದು ಗೊತ್ತಾಯಿತು. ಆದರೆ ಬೇಸಿಗೆ ರಜೆಗೆ ನಾವು ಹೋಗುತ್ತಿದ್ದದ್ದು ಅವ್ವನ ತವರಿಗೆ. ಸೊರಬ ತಾಲ್ಲೂಕಿನಲ್ಲಿ, ಜಡೆಯ ಹತ್ತಿರದ ಒಂದು ಹಳ್ಳಿ. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೋದ ಎರಡನೆಯ ದಿನವೇ ಅವ್ವ ಬಟ್ಟೆಯ ಗಂಟು ಹೊತ್ತು ಕೆರೆಗೆ ಹೋದಳು. ತಮ್ಮ ಬಿಸಿಲಲ್ಲಿ ಆಡಿ ಬಂದು ಕಂಬಕ್ಕೆ ಒರಗಿದ. ಅಜ್ಜಿ ಹಣೆ ಮುಟ್ಟಿ ನೋಡಿ ಬೆಚ್ಚಿದಳು. ಜ್ವರ ಬಂದ ಮಗುವಿಗೆ ಆ ಕಡೆ ಎಲ್ಲರೂ ಮಾಡುತ್ತಿದ್ದುದನ್ನೇ ಅವಳೂ ಮಾಡಿದಳು. ಮೆಣಸಿನ ಕಷಾಯ ಕುಡಿಸಿ, ಕಂಬಳಿ ಹೊದಿಸಿ ಮಲಗಿಸಿದಳು. ಬೆವರು ಬಿಟ್ಟರೆ ಜ್ವರ ಇಳಿಯುತ್ತದಲ್ಲ! ಸ್ವಲ್ಪ ಹೊತ್ತಿಗೆ ಕಂಬಳಿಯೊಳಗೆ ಕೈ ಹಾಕಿ ನೋಡಿದಳು. ಬೆವರಿಲ್ಲ. ಇನ್ನೊಂದು ಕಂಬಳಿ ಬಂತು. ಡಾಕ್ಟರು ಹೇಳಿದ್ದನ್ನು ನಾನು ಹೇಳಹೋದರೆ, “ನೀನೇನು ಡಾಕ್ಟರೇನೆ, ಅತ್ಲಾಗೆ ಹೋಗು,” ಎಂದು ಗದರಿದಳು. ನಾನು ಕೆರೆಗೆ ಓಡಿದೆ.

ಅವ್ವ ಬಂದವಳೇ ಕಂಬಳಿ ಕಿತ್ತೆಸೆದು, ಮಗನನ್ನು ಅಂಗಳಕ್ಕೆ ಎತ್ತಿಕೊಂಡು ಹೋಗಿ ಕೊಡಪಾನದ ನೀರು ಸುರಿದಳು. ತಮ್ಮನ ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು.

“ಜ್ವರ ಬಂದ ಮಗೀಗೆ ತಣ್ಣೀರು ಹಾಕ್ತಾರೇನೇ? ಕೊಲ್ತೀಯೇನೇ ಅದುನ್ನ?” ಅಜ್ಜಿ ಕೂಗಿದಳು.

“ಕೊಲ್ತಿದ್ದೋಳು ನೀನು, ಅವ್ವಾ,” ಅಂದಳು ನನ್ನ ಅವ್ವ, ಸುರಿಯುವುದನ್ನು ನಿಲ್ಲಿಸದೆ.

ಮೂರನೆಯ ಕೊಡಕ್ಕೆ ತಮ್ಮ ಕೆಮ್ಮಿದ. ಆಮೇಲೆ ಅತ್ತ. ಅವನು ಅತ್ತದ್ದಕ್ಕೆ ಎಲ್ಲರೂ ಖುಷಿಪಟ್ಟದ್ದು ಅದೊಂದೇ ಸಲ.

ಆ ಸಂಜೆ ಅವ್ವ, ಊರವರಿಗೆಲ್ಲ ಹೇಳಿಬಿಡಬೇಕು ಎಂದಳು. ಇವನು ಯಾರ ಮನೆ ಜಗಲಿಯಲ್ಲಿ ಬೀಳುತ್ತಾನೋ, ಯಾರು ಕಂಬಳಿ ತರುತ್ತಾರೋ. ಅಜ್ಜಿ ಒಪ್ಪಲಿಲ್ಲ.

“ಹೇಳ್ಬ್ಯಾಡ ಮಾರಾಯ್ತಿ. ಆ ಮನೇಲಿ ಏನೋ ದೋಷ ಐತೆ ಅಂತಾರೆ. ನಾಳೆ ಈ ಹುಡುಗೀನ ಯಾರು ಮದುವೆ ಆಗ್ತಾರೆ?”

ಈ ಹುಡುಗಿ ಅಂದರೆ ನಾನು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ನನಗೇನೂ ಅವಸರವಿರಲಿಲ್ಲ.

ಮರುದಿನ ಬೆಳಿಗ್ಗೆ ತಮಟೆ ಸದ್ದು ಕೇಳಿಸಿತು. ಕೆರೆಯ ತೂಬು ಎತ್ತುವ ಸುದ್ದಿಯನ್ನು ಡಂಗುರ ಸಾರುತ್ತ ಊರ ತಳವಾರ ಅಜ್ಜಿ ಮನೆಯ ಬೀದಿಗೆ ಬಂದಿದ್ದ. ಹಿರಿಯರ ಎದುರು ಹೊಸಿಲು ದಾಟಿ ಮಾತಾಡದ ಅವ್ವ ಸೆರಗು ಸರಿ ಮಾಡಿಕೊಂಡು ಅಂಗಳಕ್ಕಿಳಿದಳು. “ಅಣ್ಣಾ, ನಿನ್ನ ಸುದ್ದಿ ಜೊತಿಗೆ ನಂದೂ ಒಂದು ಸಾರಿಬಿಡು,” ಅಂದಳು. ಅವನು ಜಗಲಿಯ ಮೇಲಿದ್ದ ಅಜ್ಜನ ಮುಖ ನೋಡಿದ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ, “ನನ್ನನ್ನೇನು ನೋಡ್ತೀಯ? ತಾಯಿ ಹೇಳ್ತಾಳೆ, ಸಾರು,” ಅಂದ.

“ಕೇಳ್ರಪ್ಪೋ ಕೇಳ್ರಿ! ಶಿಕಾರಿಪುರದಿಂದ ಬಂದಿರೋ ಮೊಮ್ಮಗಂಗೆ ಬೆವರು ಬರಾಕಿಲ್ಲ! ಎಲ್ಲಾರ ಬಿದ್ದಿದ್ರೆ ಕಂಬಳಿ ಹೊದಿಸ್ಬ್ಯಾಡ್ರಿ! ನೀರು ಹಾಕ್ರೀ...”

ತಮಟೆ ಊರು ಸುತ್ತಿತು. ತಮ್ಮ ಅದರ ಹಿಂದೆಯೇ ಮೆರವಣಿಗೆ ಹೋದ.

ಊರಿನ ಮಕ್ಕಳಿಗೆ ಕೇಳಿಸಿದ್ದು ‘ನೀರು ಹಾಕ್ರಿ’ ಎನ್ನುವುದಷ್ಟೆ. ಅವನು ಬಿದ್ದರೂ ಸರಿ, ನಿಂತರೂ ಸರಿ, ಯಾವ ಮೂಲೆಯಿಂದಲೋ ಒಂದು ಚೊಂಬು ನೀರು ಬಂದು ಬೀಳುತ್ತಿತ್ತು. ಪಕ್ಕದಲ್ಲಿದ್ದ ತಪ್ಪಿಗೆ ನಾನೂ ತೊಯ್ಯುತ್ತಿದ್ದೆ. ಉಳಿದ ರಜೆಯಲ್ಲಿ ಅವನಿಗೆ ಒಂದು ದಿನವೂ ಮೈ ಕಾಯಲಿಲ್ಲ. ಅಜ್ಜಿ ಮಾತ್ರ ಅವ್ವನ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಿದ್ದರೆ ನನ್ನನ್ನು ಕರೆದು, “ನಿಮ್ಮವ್ವಂಗೆ ಹೇಳು, ಸಾರಿಗೆ ಉಪ್ಪಿಲ್ಲ,” ಎನ್ನುತ್ತಿದ್ದಳು. ಅವ್ವ ಎದುರಿಗೇ ಕೂತಿರುತ್ತಿದ್ದಳು.

ರಜೆ ಮುಗಿಯಿತು. ನಮ್ಮನ್ನು ಕಳಿಸಲು ಅಜ್ಜಿ ಸೊರಬದವರೆಗೆ ಬಂದಳು, ಅವ್ವನ ಜೊತೆ ಮಾತಾಡದೆಯೇ. ಶಿಕಾರಿಪುರದ ಬಸ್ಸು ಪಂಕ್ಚರ್ ಆಗಿ ಎಲ್ಲೋ ನಿಂತಿತ್ತು. ನಡುಮಧ್ಯಾಹ್ನ. ತಂದ ನೀರೆಲ್ಲ ತಮ್ಮನ ತಲೆಗೆ ಹಾಕಿ ಮುಗಿದಿತ್ತು. ಅವ್ವ ಚೊಂಬು ಹಿಡಿದು ಬಾವಿ ಹುಡುಕಿಕೊಂಡು ಹೋದಳು. ಅವಳು ಅತ್ತ ಹೋದದ್ದೇ ತಡ, ತಮ್ಮನ ಕತ್ತು ಅಜ್ಜಿಯ ತೋಳಿನ ಮೇಲೆ ವಾಲಿತು. ಮುಖ ಕೆಂಪು ಕೆಂಪು.

ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹಿರಿಯರು ಪಾಪ ಅಂದುಕೊಂಡು ಹೆಗಲ ಮೇಲಿದ್ದ ಕಂಬಳಿ ತೆಗೆದರು. “ಚಳಿಜ್ವರ ಇರ್ಬೇಕಮ್ಮ, ಇದನ್ನ ಹೊದಿಸು.”

ಅಜ್ಜಿ ಒಂದು ಕ್ಷಣ ಆ ಕಂಬಳಿಯನ್ನು ನೋಡಿದಳು. ಆಮೇಲೆ ಅದನ್ನು ದೂರ ತಳ್ಳಿದಳು.

“ಹೊದಿಸ್ಬ್ಯಾಡ್ರೀ! ನಮ್ಮ ಹುಡುಗಂಗೆ ಬೆವರು ಬರಲ್ಲ! ನೀರು ತನ್ನಿ! ಯಾರಾದ್ರೂ ನೀರು ತನ್ನಿ!”

ಬಸ್ ಸ್ಟ್ಯಾಂಡಿನಲ್ಲಿ ಅವಳ ಗಂಟಲು ಕೇಳಿಸದವರು ಇರಲಿಲ್ಲ. ಹೋಟೆಲಿನವರು ಬಕೆಟ್ ತಂದರು. ನಿಂತಿದ್ದ ಲಾರಿಯ ಕ್ಲೀನರ್ ಇಂಜಿನ್ನಿಗೆ ಹಾಕುವ ನೀರಿನ ಡಬ್ಬಿ ತಂದ. ಮಜ್ಜಿಗೆ ಮಾರುತ್ತಿದ್ದ ಹೆಂಗಸು ಏನೂ ತೋಚದೆ ಗಡಿಗೆಯನ್ನೇ ಮುಂದೆ ಮಾಡಿದಳು. ಅಜ್ಜಿ ಅದನ್ನೂ ಸುರಿದಳು.

ಅವ್ವ ಓಡಿ ಬರುವ ಹೊತ್ತಿಗೆ ತಮ್ಮ ಮೈಯೆಲ್ಲ ಬೆಳ್ಳಗಾಗಿ, ಕರಿಬೇವಿನ ಎಲೆ ಮೆತ್ತಿಕೊಂಡು, ಕೈ ನೆಕ್ಕುತ್ತ ಕೂತಿದ್ದ. ಸುತ್ತ ನಿಂತ ಗುರುತಿಲ್ಲದ ಜನರಿಗೆಲ್ಲ ಅಜ್ಜಿ ಹೇಳುತ್ತಿದ್ದಳು: “ಹುಟ್ಟಿನಿಂದ ಬಂದಿದ್ದು. ಯಾರ ತಪ್ಪೂ ಅಲ್ಲ. ನಿಮ್ಮೂರಲ್ಲಿ ಇಂಥ ಮಗು ಇದ್ರೆ ಹೊದಿಸ್ಬ್ಯಾಡಿ, ತಿಳೀತಾ?”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ತಮಟೆ ಒಂದು ತರಬೇಕಿತ್ತು ನೋಡವ್ವಾ,” ಅಂದಳು.

“ಸುಮ್ನಿರೇ. ಹಿಂದೆ ನಿಂತೋರಿಗೆ ಇನ್ನೂ ಹೇಳಿಲ್ಲ,” ಅಂದಳು ಅಜ್ಜಿ. ಎಷ್ಟೋ ದಿನಗಳ ಮೇಲೆ ಅವಳು ಅವ್ವನ ಜೊತೆ ಆಡಿದ ಮೊದಲ ಮಾತು ಅದು.

ಈಗ ನಾನೂ ಅಜ್ಜಿ. ಹೋದ ತಿಂಗಳು ಒಂದು ಮದುವೆ ಮನೆಯಲ್ಲಿ, ಸೆಕೆಯಲ್ಲಿ ಮಗುವಿಗೆ ಟೋಪಿ, ಸ್ವೆಟರ್ ಹಾಕಿ ಮೂಲೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳನ್ನು ಕಂಡೆ. ಮಗು ನಕ್ಕಾಗ ಆ ಬೆಕ್ಕಿನ ಹಲ್ಲು ಕಾಣಿಸಿದವು. ಪಕ್ಕ ಕೂತು ಮಾತಾಡಿಸಿದೆ. ಡಾಕ್ಟರಿಗೆ ತೋರಿಸಿದ್ದೀಯಾ ಎಂದರೆ ಇಲ್ಲ. ಕೂದಲು ಕಂಡರೆ ಜನ ಕೇಳುತ್ತಾರೆ ಎಂದು ಟೋಪಿಯಂತೆ. ಸ್ವೆಟರ್ ಬಿಚ್ಚಿಸಿದೆ. ಒದ್ದೆ ಕರ್ಚೀಫಿನಿಂದ ಮೈ ಒರೆಸಿದೆ. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದೆ. ಈಗ ಇದನ್ನು ಗುರುತು ಹಿಡಿಯುವವರಿದ್ದಾರೆ, ಹಲ್ಲಿಗೂ ದಾರಿ ಇದೆ.

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟ ಮೇಲೆ ಬರೆಯುತ್ತಿರುವ ಮೊದಲ ದೊಡ್ಡ ಬರಹ ಇದು. ತಮ್ಮನಿಗೆ ಓದಿ ಹೇಳಿದೆ. ಅವನೀಗ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕೂರುವ ಮುದುಕ.

“ಹೆಸರು ಹಾಕ್ಬೇಡ ಅಕ್ಕಾ,” ಅಂದ. “ಆದ್ರೆ ಹಲ್ಲು ಕಟ್ಟಿಸ್ಕೊಂಡಿದೀನಿ ಅಂತ ಬರಿ. ಚಕ್ಲಿ ತಿಂತೀನಿ ಅಂತಾನೂ ಬರಿ.”

ಬರೆದಿದ್ದೇನೆ.