ಟೈಲರ್ ಅಂಗಡಿಯ ಸಮುದ್ರ

ಕರೆಂಟ್ ಹೋದಾಗಲೆಲ್ಲ ನನಗೆ ಸಿದ್ದಾಪುರದ ನಮ್ಮ ಟೈಲರ್ ನೆನಪಾಗುತ್ತಾರೆ. ಹೇಳಿದ ದಿನಕ್ಕೆ ಒಂದು ರವಿಕೆಯನ್ನೂ ಕೊಟ್ಟವರಲ್ಲ. ಕೇಳಿದರೆ ಬಾಯಲ್ಲಿ ಕಚ್ಚಿದ್ದ ಪಿನ್ನು ತೆಗೆದು, “ಆಗ್ತಾ ಬಂತು ಅಕ್ಕಾ” ಎನ್ನುತ್ತಿದ್ದರು. ತುಳಿಯುವ ಮಶೀನಿನ ಪಕ್ಕದಲ್ಲಿ ಬಿಸ್ಕತ್ ಡಬ್ಬದಷ್ಟೇ ದೊಡ್ಡದೊಂದು ಗಾಜಿನ ತೊಟ್ಟಿ. ಅದರಲ್ಲಿ ಕುಮಟಾದಿಂದ ತರಿಸಿದ ಸಮುದ್ರದ ನೀರು, ಕೋಟಿನ ಗುಂಡಿಗಳಂತೆ ಅರಳಿದ, ಜೀವವಿರುವ ಹಸಿರು ಹವಳಗಳು. ನಾವು ಬೈಯುವಾಗಲೂ ಅವರ ಕಣ್ಣು ಅಲ್ಲೇ ಇರುತ್ತಿತ್ತು.

ತಂಗಿಯ ಮದುವೆಯ ಹಿಂದಿನ ದಿನ, ಹೊಲಿಯಲು ಕೊಟ್ಟಿದ್ದ ರವಿಕೆಗಾಗಿ ನಾನು ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಬೆಳಗಿನಿಂದ ಕರೆಂಟ್ ಇರಲಿಲ್ಲ. ತೊಟ್ಟಿಯ ಪಂಪು ನಿಂತು ಹವಳಗಳೆಲ್ಲ ಮುದುಡಿದ್ದವು. ಅವರು ಲೋಟದಲ್ಲಿ ಅದೇ ನೀರನ್ನು ಎತ್ತಿ ಎತ್ತಿ ಹೊಯ್ಯುತ್ತಿದ್ದರು.

“ಗಾಳಿ ಸಿಗದಿದ್ರೆ ಸತ್ತೋಗ್ತವೆ. ನೀವು ಒಂಚೂರು ಹೊಯ್ತಾ ಇರಿ ಅಕ್ಕಾ, ನಾ ತೋಳು ಹಚ್ತೆ,” ಎಂದು ಲೋಟವನ್ನು ನನ್ನ ಕೈಗಿಟ್ಟರು. ಬೈಯಲು ಬಂದವಳು ಕೂತು ನೀರು ಹೊಯ್ದೆ.

ಸಂಜೆ ಕರೆಂಟ್ ಬಂದಾಗ ರವಿಕೆಗೆ ಒಂದೇ ತೋಳಿತ್ತು. ನಾನು ಅದನ್ನು ಕೇಳಲೇ ಇಲ್ಲ. ತೊಟ್ಟಿಗೆ ಮುಖವಿಟ್ಟು, “ಎಂತ, ಸರಿ ಆಗ್ತವಾ?” ಎಂದೆ.

ಅವರೂ ಬಗ್ಗಿ ನೋಡಿದರು. ಒಂದು ಹವಳದ ಅಂಚು ಮೆಲ್ಲಗೆ ಬಿಚ್ಚುತ್ತಿತ್ತು.

“ಆಗ್ತಾ ಬಂತು ಅಕ್ಕಾ.”

ಆ ಮಾತನ್ನು ನಾನು ನಂಬಿದ್ದು ಅದೇ ಮೊದಲು.