ಅಕ್ಕೋರ ಅಂಗೈಯ ಬಟ್ಟೆಚೂರು

ಕುಸುಮಾ ಅಕ್ಕೋರು ಇಂಗ್ಲಿಷ್ ಪಾಠಕ್ಕೆ ಪುಸ್ತಕ ಮರೆತು ಬಂದದ್ದುಂಟು, ಹಳೆ ಬಟ್ಟೆಯ ಚೀಲ ಮರೆತದ್ದಿಲ್ಲ. ಧಾರವಾಡದ ನಮ್ಮ ಸಾಲೆಯಲ್ಲಿ ಅವರು ಶಬ್ದದ ಅರ್ಥವನ್ನು ಮೊದಲು ಕೈಗೆ ಕಲಿಸುತ್ತಿದ್ದರು. ಒಬ್ಬಳಿಗೆ ಚೂರು ಕೊಟ್ಟು ಕಿಟಕಿಯ ಕಲ್ಲಿಗೆ ತಿಕ್ಕಲು ಹಚ್ಚುವರು. ಇನ್ನೊಬ್ಬಳಿಗೆ, "ಹರಿ, ಜೋರ್ಲೆ ಹರಿ" ಅನ್ನುವರು. ಪರ್ರ್ ಎಂಬ ಸಪ್ಪಳಕ್ಕೆ ಪಕ್ಕದ ಕೋಣೆಯ ಗಣಿತ ನಿಂತುಬಿಡುತ್ತಿತ್ತು.

ಆಮೇಲೆ ಎರಡೂ ಅಂಚನ್ನು ನಮ್ಮ ಬೆರಳಿಗೆ ಮುಟ್ಟಿಸುವರು. "ಇದು ಫ್ರೇ, ಸವಿಯೂದು. ಲ್ಯಾಟಿನ್‌ದಾಗ ತಿಕ್ಕೂದಕ್ಕ ಏನಂತಿದ್ರು, ಅದರಿಂದ ಬಂದದ್ದು. ಹತ್ತಿಗತೆ ಮೆತ್ತಗಾಗೇತಿ ನೋಡ್ರಿ. ಇದಕ್ಕ ವ್ಯಾಳ್ಯಾ ಬೇಕು. ಅದು ಟೇರ್, ಹರಿಯೂದು. ಸಂಸ್ಕೃತದ ವಿದಾರಣದ ಬಳಗದ್ದು, ಭಾಳ ಹಳೇದು. ಅಂಚು ಬಿರುಸೇತಿ, ಎಳಿ ಚುಚ್ಚತಾವ. ಅದಕ್ಕ ವ್ಯಾಳ್ಯಾ ಬ್ಯಾಡ, ಕೈ ಬೇಕು." ಇರೋಡ್ ಎಂದರೆ ಮೂಲದಲ್ಲಿ ಕಡಿಯುವುದು ಎಂದು ತೋರಿಸಲು ಇಲಿ ಕಡಿದ ತಮ್ಮದೇ ಛತ್ರಿಯನ್ನು ತಂದಿದ್ದರು. ಅದನ್ನು ಬಿಚ್ಚಿದಾಗ ನಾವು ಬಿದ್ದು ಬಿದ್ದು ನಕ್ಕಿದ್ದೆವು.

ನಕ್ಕವರಲ್ಲಿ ಅವರ ಒಬ್ಬಳೇ ಮಗಳು ವೀಣಾನೂ ಇದ್ದಳು, ನನ್ನ ಬೆಂಚಿನವಳು. ಮುಂದೆ ಅವಳನ್ನು ಉಪ್ಪಿನಬೆಟಗೇರಿಗೆ ಕೊಟ್ಟರು. ಒಂದು ಮಧ್ಯಾಹ್ನ ಅಲ್ಲಿಂದ ಫೋನ್ ಬಂತು. ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ವೀಣಾ ತೀರಿಕೊಂಡಳಂತೆ.

ನಾನೂ ಅಕ್ಕೋರ ಜೊತೆ ಓಡಿದೆ. "ಹಳೇ ಸೀರಿರಿ, ಪೂರಾ ಸವದಿತ್ತು. ಕಾಲಿಗೆ ಸಿಕ್ಕು ಹರೀತು" ಎಂದು ವೀಣಾಳ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅಕ್ಕೋರು ಅಳಲಿಲ್ಲ. ಹರಿದು ಬೇರೆಯಾಗಿದ್ದ ಸೆರಗಿನ ಚೂರನ್ನು ಎತ್ತಿಕೊಂಡು ಅಂಚಿನ ಮೇಲೆ ಬೆರಳಾಡಿಸಿದರು.

"ಇದು ಸವದದ್ದಲ್ಲರಿ. ಹೆಗಲ ಮ್ಯಾಗಿನ ಸೀರಿ ಕಾಲಿಗೆ ಹೆಂಗ ಸಿಗತೈತಿ? ಯಾರೋ ಹಿಡದು ಜಗ್ಗ್ಯಾರ."

"ಅತ್ತೀ, ಇದು ನಿಮ್ಮ ಸಾಲಿ ಅಲ್ರಿ" ಅಂದ ವೀಣಾಳ ಗಂಡ. ಅವನ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ಇವತ್ತಿಗೂ ಶಪಿಸುತ್ತೇನೆ.

ಪೊಲೀಸರು ಕಾಲು ಜಾರಿದ್ದು ಎಂದೇ ಬರೆದು ಮುಗಿಸಿದರು. ಉಳಿದ ಸೀರೆಯನ್ನು ಆ ಮನೆಯವರು ಸುಟ್ಟರು. ಚೂರೊಂದನ್ನು ಹಿಡಿದುಕೊಂಡು ಅಕ್ಕೋರು ವರ್ಷಗಟ್ಟಲೆ ಆಫೀಸುಗಳಿಗೆ, ವಕೀಲರ ಮನೆಗಳಿಗೆ ಅಲೆದರು. ಎಲ್ಲರೂ ಚಹಾ ಕೊಟ್ಟು, ತಾಯಿ ಕರುಳು ಎಂದು ಲೊಚಗುಟ್ಟಿ ಕಳಿಸಿದರು. ಬಸ್ಸಿನಲ್ಲಿ, ಆಫೀಸಿನ ಬೆಂಚಿನ ಮೇಲೆ, ಊಟದ ಮುಂದೆ, ಎಲ್ಲೇ ಕೂತರೂ ಆ ಚೂರು ಅವರ ಮುಷ್ಟಿಯಲ್ಲಿರುತ್ತಿತ್ತು.

ಹೋದ ತಿಂಗಳು ಅಕ್ಕೋರು ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಹುಬ್ಬಳ್ಳಿಯ ವಕೀಲೆಯೊಬ್ಬರು ನನ್ನ ಮಾತು ಕೇಳಿ, "ಆ ಚೂರು ತರ್ರಿ, ತಿಳದವರಿಗೆ ತೋರಸೂಣು" ಅಂದಿದ್ದರು. ಅಕ್ಕೋರು ಆಗ ಉಣಕಲ್ಲಿನ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನಾನು ಏದುಸಿರು ಬಿಡುತ್ತ ಹೋಗಿ ಸುದ್ದಿ ಹೇಳಿದೆ.

ಅವರ ಮುಖ ಅರಳಲಿಲ್ಲ. ಮುಷ್ಟಿ ಬಿಚ್ಚಿ, ಸಾಲೆಯಲ್ಲಿ ಮಾಡುತ್ತಿದ್ದಂತೆ ನನ್ನ ಬೆರಳನ್ನು ಅಂಚಿನ ಮೇಲೆ ಇಟ್ಟರು. ಒಂದು ಎಳೆಯೂ ಚುಚ್ಚಲಿಲ್ಲ. ಇಷ್ಟು ವರ್ಷ ಅವರ ಹೆಬ್ಬೆರಳು ಅಲ್ಲೇ ಓಡಾಡಿತ್ತು.

"ಯಾವ ಶಬ್ದ?" ಕೇಳಿದರು.

ನಾನು ಅಂಚನ್ನು ಮತ್ತೊಮ್ಮೆ ಮುಟ್ಟಿ ನೋಡಿದೆ.

"ಹೇಳ."

"ಫ್ರೇ, ಅಕ್ಕೋರ."

"ಖರೇ. ಅವ್ರ ಕೈಗುರುತ ನನ್ನ ಕೈಯಾರ ನಾನ ಅಳಿಸಿಬಿಟ್ಟೆನಲ್ಲವ್ವಾ."