ತಾರಸಿಯ ಬೀಗದ ಕೈ

ಮನೆ ತೋರಿಸಲು ಬಂದ ದಲ್ಲಾಳಿ ಬಾಲ್ಕನಿಯ ಕಬ್ಬಿಣದ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ತೋರಿಸಿದ. ಅದು ಮಿಸುಕಲಿಲ್ಲ. "ಚಿಡಿಯಾ ಭೀ ಅಂದರ್ ನಹೀಂ ಆ ಸಕ್ತೀ, ಮೇಡಮ್" ಎಂದ. ಒಂದು ಗುಬ್ಬಿಯೂ ಒಳಗೆ ಬರಲಾರದು ಎಂಬ ಹೆಮ್ಮೆ ಅವನದು. ನನಗೆ ಹೊಳೆದದ್ದೇ ಬೇರೆ. ಗುಬ್ಬಿ ಒಳಗೆ ಬರಲಾರದು ಸರಿ, ನಾವು ಹೊರಗೆ ಹೋಗುವುದು ಹೇಗೆ?

ನಮ್ಮವರನ್ನು ಪಕ್ಕಕ್ಕೆ ಕರೆದು ಕೇಳಿದೆ. "ಹಿಂದಿನ ಬಾಗಿಲು ಎಲ್ಲಿದೆ ರೀ?"

"ಮೂರನೇ ಮಹಡಿಗೆ ಹಿಂದಿನ ಬಾಗಿಲು ಇಟ್ರೆ ಅದರಿಂದ ಎಲ್ಲಿಗೆ ಹೋಗ್ತೀಯ ಸುಧಾ? ಆಕಾಶಕ್ಕಾ?" ಎಂದು ನಕ್ಕರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾದ ಅವರಿಗೆ ದೆಹಲಿಗೆ ವರ್ಗವಾಗಿತ್ತು. ಸೋಮವಾರ ಹಾಜರಾಗಬೇಕು, ಅಷ್ಟರೊಳಗೆ ತಲೆಗೊಂದು ಸೂರು ಬೇಕು. ಹೀಗೆ ನಾನು, ಅವರು, ಮಗಳು ಅನು, ಮೂವರೂ ಪೀತಮ್‌ಪುರದ ಆ ಪಂಜರದೊಳಗೆ ಹಾಲು ಉಕ್ಕಿಸಿದೆವು.

ನಾನು ಹುಟ್ಟು ಪುಕ್ಕಲು. ದಾವಣಗೆರೆಯಲ್ಲಿದ್ದಾಗಲೂ ಮದುವೆ ಛತ್ರಕ್ಕೆ ಹೋದರೆ ಊಟದ ಹಾಲ್ ಎಲ್ಲಿ ಎಂದು ಬೇರೆಯವರು ಹುಡುಕುತ್ತಿದ್ದರು, ಆಚೆ ಹೋಗುವ ದಾರಿ ಎಲ್ಲಿ ಎಂದು ನಾನು ಹುಡುಕುತ್ತಿದ್ದೆ. ಆದರೂ ಅಲ್ಲಿನ ಭಯಕ್ಕೆ ಒಂದು ಅಳತೆ ಇತ್ತು. ನಮ್ಮದು ವಠಾರದ ಬಾಡಿಗೆ ಮನೆ. ಮುಂದೆ ಬೀದಿ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಎರಡೂ ಕಡೆ ಬಾಗಿಲು. ಕೂಗಿದರೆ ನಾಲ್ಕು ಜನ ಏನಾಯ್ತೆಂದು ಬರುತ್ತಿದ್ದರು. ಅವರಲ್ಲಿ ಇಬ್ಬರು ಬರುತ್ತಿದ್ದದ್ದು ಬರೀ ಕುತೂಹಲಕ್ಕೆ, ಅದು ಬೇರೆ ಮಾತು.

ದೆಹಲಿಯಲ್ಲಿ ನಮ್ಮಂಥ ಮನೆಗಳಿಗೆ 'ಬಿಲ್ಡರ್ ಫ್ಲೋರ್' ಎನ್ನುತ್ತಾರೆ. ಮಹಡಿಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ಮೆಟ್ಟಿಲು. ಕೆಳಗೆ ಗಾಡಿ ನಿಲ್ಲಿಸುವ ಜಾಗ, ಮೆಟ್ಟಿಲ ಬುಡದಲ್ಲೇ ಎಲ್ಲ ಮನೆಗಳ ಕರೆಂಟಿನ ಮೀಟರು. ಅಲ್ಲಿ ತಂತಿಗಳು ಬಾಚದ ತಲೆಯ ಹಾಗೆ ಸಿಕ್ಕುಗಟ್ಟಿ ನೇತಾಡುತ್ತಿದ್ದವು. ಅದರ ಕೆಳಗೇ ಬ್ಯಾಟರಿ ಸ್ಕೂಟರುಗಳನ್ನು ಚಾರ್ಜಿಗೆ ಹಾಕುತ್ತಿದ್ದರು. ಪ್ರತಿ ಸಲ ಅದರ ಮುಂದೆ ಹಾದು ಹೋಗುವಾಗ ನಾನು ಅನುವಿನ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ಇಲ್ಲಿಗೆ ಬೆಂಕಿ ಬಿದ್ದರೆ ಕೆಳಗೆ ಇಳಿಯಲು ದಾರಿಯೇ ಇಲ್ಲ ಎನ್ನುವುದು ತಿಳಿಯಲು ಎಂಜಿನಿಯರ್ ಆಗಬೇಕಾಗಿರಲಿಲ್ಲ. ಉಳಿದದ್ದು ಮೇಲಿನ ತಾರಸಿ. ಇಲ್ಲಿ ಅದಕ್ಕೆ 'ಛತ್' ಎನ್ನುತ್ತಾರೆ. ಅದರ ಬಾಗಿಲಿಗೆ ಅಂಗೈ ಅಗಲದ ಬೀಗ. ಬೀಗದ ಕೈ ಮೊದಲ ಮಹಡಿಯ ಮನೆ ಮಾಲೀಕರ ಬಳಿ.

"ಕೇಳಿ ತಗೊಳ್ಳಿ" ಎಂದು ನಮ್ಮವರಿಗೆ ದಿನವೂ ಹೇಳಿದೆ.

"ಬಾಡಿಗೆಯವರಿಗೆ ಛತ್ ಕೊಡಲ್ಲ ಅಂತ ಮೊದಲೇ ಹೇಳಿದಾರೆ. ಇಡೀ ದೆಹಲಿ ಹೀಗೇ ಬದುಕ್ತಿದೆ. ನಿನಗೊಬ್ಬಳಿಗೇ ಬೆಂಕಿ ಬೀಳುತ್ತಾ?"

ಮೊದಲ ಕೆಲವು ತಿಂಗಳು ನನ್ನ ಭಯ ಬರೀ ಭಯವಾಗಿತ್ತು, ಅದಕ್ಕೆ ಕೈಕಾಲು ಇರಲಿಲ್ಲ. ಇವರು ಕಚೇರಿಗೆ, ಅನು ಶಾಲೆಗೆ ಹೋದ ಮೇಲೆ ಬಾಗಿಲಿಗೆ ಮೂರು ಚಿಲಕ ಹಾಕಿ ಕೂರುತ್ತಿದ್ದೆ. ತರಕಾರಿ ಭಯ್ಯಾ ಕೆಳಗೆ ಕೂಗಿದರೆ ಹಗ್ಗಕ್ಕೆ ಚೀಲ ಕಟ್ಟಿ ಮೆಟ್ಟಿಲುಗಳ ನಡುವಿನ ಸಂದಿಯಿಂದ ಇಳಿಬಿಡುತ್ತಿದ್ದೆ, ಮಾತಾಡುವುದೇ ಬೇಡವೆಂದು. ನನ್ನ ಹಿಂದಿ ಶಾಲೆಯ ಪರೀಕ್ಷೆಯ ಹಿಂದಿ. ಬಾಯಿ ತೆರೆದರೆ ಎಲ್ಲಿ ನಗುತ್ತಾರೋ ಎಂಬ ಅಂಜಿಕೆ ಬೆಂಕಿಯ ಅಂಜಿಕೆಗಿಂತ ದೊಡ್ಡದಾಗಿತ್ತು. ಅಕ್ಕಿ ಇಲ್ಲಿಯೂ ಸಿಗುತ್ತದೆ, ಕೊತ್ತಂಬರಿಯನ್ನು ಭಯ್ಯಾ ಪುಕ್ಕಟೆ ಕೊಡುತ್ತಾನೆ, ಮೆಟ್ರೋ ನಮ್ಮೂರ ಬಸ್ಸಿಗಿಂತ ಎಷ್ಟೋ ವಾಸಿ. ಆದರೆ ಇಡೀ ಹಗಲು ಒಂದು ಕನ್ನಡ ಪದ ಕಿವಿಗೆ ಬೀಳುತ್ತಿರಲಿಲ್ಲ. ಸಂಜೆ ಬರುವ ಮಗಳೂ "ಅಮ್ಮಾ, ಭೂಖ್ ಲಗೀ ಹೈ, ಏನಾದ್ರೂ ಕೊಡು" ಎನ್ನತೊಡಗಿದ್ದಳು.

ಏಪ್ರಿಲ್ ಬಂತು. ಬಿಸಿಲು ನೋಡಿದಾಗ ನನಗೆ ಸಂಡಿಗೆ ನೆನಪಾಯಿತು. ಊರಿನಲ್ಲಿ ಎರಡು ಮೂರು ದಿನ ಕಾದು ಒಣಗಿಸುವ ಸಂಡಿಗೆ ಈ ಬಿಸಿಲಿಗೆ ಒಂದೇ ದಿನಕ್ಕೆ ಗರಿಗರಿ ಆಗುತ್ತದೆ. ಬೆಂಕಿಯ ಹೆಸರು ಹೇಳಿ ಬೀಗದ ಕೈ ಕೇಳಿದರೆ ಹುಚ್ಚಿ ಎನ್ನುತ್ತಾರೆ, ಸಂಡಿಗೆಯ ಹೆಸರಿನಲ್ಲಿ ಕೇಳಬಹುದಲ್ಲ ಎನಿಸಿತು. ಊರಿಂದ ತಂದಿದ್ದ ಅರಳು ಸಂಡಿಗೆಯನ್ನು ಒಂದು ತಟ್ಟೆ ಕರಿದೆ. ತಟ್ಟೆ ಹಿಡಿದು ಮೊದಲ ಮಹಡಿಗೆ ಇಳಿದೆ. ಹೇಳಬೇಕಾದ ವಾಕ್ಯವನ್ನು ಮೆಟ್ಟಿಲುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಮಾಲೀಕರ ಮುಖ ನೋಡಿದ ಕೂಡಲೇ ಅರ್ಧ ಮರೆತುಹೋಯಿತು.

ಅವರು ಒಂದು ಸಂಡಿಗೆ ತಿಂದರು. ಇನ್ನೊಂದು ತಿಂದರು. "ಛತ್ ಪೇ ಸುಖಾಓಗೀ?" ಎಂದರು. ತಾರಸಿಯಲ್ಲಿ ಒಣಹಾಕುತ್ತೀಯಾ ಎಂದು. ನಾನು ತಲೆಯಾಡಿಸಿದೆ. ಅವರಿಗೂ ಒಂದು ಕಷ್ಟವಿತ್ತು. ಇಲ್ಲಿ ಬೆಳಿಗ್ಗೆ ನೀರು ಬಿಟ್ಟಾಗ ಮೋಟಾರು ಹಾಕಿ ಮೇಲಿನ ಟ್ಯಾಂಕಿ ತುಂಬಿಸಬೇಕು, ತುಂಬಿ ಹರಿಯುವ ಮುಂಚೆ ನಿಲ್ಲಿಸಬೇಕು. ಅವರಿಗೆ ಮಂಡಿನೋವು. ಟ್ಯಾಂಕಿ ನೋಡಿಕೊಳ್ಳುವ ಕೆಲಸ ನಿನ್ನದು ಎಂದು ಬೀಗದ ಕೈ ಕೊಟ್ಟರು. ಉಪಾಯ ಬಲ್ಲವನಿಗೆ ಅಪಾಯವಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದದ್ದು ನೆನಪಾಗಿ, ಮೇಲೆ ಬಂದು ಒಬ್ಬಳೇ ನಕ್ಕೆ.

ಆ ದಿನದಿಂದ ಬೀಗದ ಕೈಯನ್ನು ನಮ್ಮ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಬೇರೆಲ್ಲೂ ಇಡಲು ಬಿಡಲಿಲ್ಲ. ಇಲ್ಲಿನ ಬೇಸಗೆಯಲ್ಲಿ 'ಲೂ' ಎಂಬ ಬಿಸಿಗಾಳಿ ಬೀಸುತ್ತದೆ, ಜೊತೆಗೆ ಹಿಟ್ಟಿನಂಥ ದೂಳು. ಬೀಗ ಹಿಡಿದುಕೊಳ್ಳಬಾರದೆಂದು ಆಗಾಗ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ. ಅನುವಿಗೆ ಕಣ್ಣು ಮುಚ್ಚಿ, ಗೋಡೆ ಹಿಡಿದು ಮೇಲೆ ಹತ್ತುವ ಆಟ ಕಲಿಸಿದೆ. ನಮ್ಮವರು ನೋಡಿ "ತಾಯಿ ಮಗಳು ಸರ್ಕಸ್ಸಿಗೆ ಸೇರೋ ಹಾಗಿದೀರಿ" ಎಂದರು.

ತಾರಸಿಗೆ ಹೋದ ಮೇಲೆ ಇನ್ನೊಂದು ಭಯ ಶುರುವಾಯಿತು. ಅಲ್ಲಿಂದ ಮುಂದೆ ಎಲ್ಲಿಗೆ? ಪಕ್ಕದ ಕಟ್ಟಡ ನಮ್ಮದಕ್ಕೆ ಅಂಟಿಕೊಂಡೇ ಇತ್ತು. ನಡುವೆ ಸೊಂಟದೆತ್ತರದ ಗೋಡೆ, ದಾಟಬಹುದು. ಆದರೆ ಆ ತಾರಸಿಯ ಬಾಗಿಲಿಗೆ ಒಳಗಿನಿಂದ ಅಗುಳಿ. ನನ್ನ ಎಣ್ಣೆ, ನನ್ನ ಬೀಗದ ಕೈ ಅಲ್ಲಿ ಯಾವ ಕೆಲಸಕ್ಕೂ ಬಾರದು. ಒಳಗಿನವರು ಯಾರಾದರೂ ತೆಗೆಯಬೇಕು.

ಒಳಗಿದ್ದವರು ಕಮಲೇಶ್ ಆಂಟಿ. ರೋಹ್ತಕ್ ಕಡೆಯವರು, ಎತ್ತರದ ಹೆಂಗಸು, ದನಿಯೂ ಎತ್ತರವೇ. ಅವರು ಆ ತಾರಸಿಯಲ್ಲಿ ಹೆಸರುಬೇಳೆ ರುಬ್ಬಿ ಪುಟ್ಟ ಉಂಡೆಗಳನ್ನು ಇಡುತ್ತಿದ್ದರು. ಅದು ಇಲ್ಲಿನ 'ಬಡಿ', ಒಣಗಿಸಿ ಸಾರಿಗೆ ಹಾಕುತ್ತಾರೆ. ನಾನು ಈಚೆ ಸಂಡಿಗೆ, ಅವರು ಆಚೆ ಬಡಿ. ಮೊದಲ ಮೂರು ದಿನ ನಾನು ಬೆನ್ನು ತಿರುಗಿಸಿ ಕೂತೆ. ನಾಲ್ಕನೆಯ ದಿನ ಪಾರಿವಾಳಗಳು ನನ್ನ ಸಂಡಿಗೆಗೆ ಇಳಿದಾಗ ಅವರೇ ಚಪ್ಪಲಿ ಎಸೆದು ಓಡಿಸಿದರು. ಚಪ್ಪಲಿ ವಾಪಸು ಕೊಡಲು ಗೋಡೆಯ ಹತ್ತಿರ ಹೋಗಲೇಬೇಕಾಯಿತು. ನನ್ನ ಹಿಂದಿ ಕೇಳಿ ಅವರು ನಕ್ಕದ್ದು ನಿಜ. ಅದರಿಂದ ನಾನೇನೂ ಸಾಯಲಿಲ್ಲ. ಆಮೇಲೆ ದಿನವೂ ಗೋಡೆಗೆ ಒರಗಿ ಮಾತು. ಪದ ಸಿಗದಾಗ ನಾನು ಕನ್ನಡದಲ್ಲೇ ಹೇಳಿಬಿಡುತ್ತಿದ್ದೆ. "ಕ್ಯಾ ಗಿಟ್‌ಪಿಟ್ ಕರ್ತೀ ಹೈ ಛೋರೀ" ಎಂದು ಅವರು ಬೈಯುತ್ತಿದ್ದರು. ಏನು ಗೊಣಗೊಣ ಅನ್ನುತ್ತೀಯೇ ಹುಡುಗಿ ಎಂದು. ಆ ಬೈಗುಳ ನನಗೆ ಹಿತವಾಗುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ. ಅನುವಿಗೆ ಜ್ವರ, ಶಾಲೆಗೆ ಹೋಗಿರಲಿಲ್ಲ. ನಮ್ಮವರು ಕಚೇರಿಯಲ್ಲಿ. ಎರಡನೇ ಮಹಡಿಯವರು ಯಾವುದೋ ಮದುವೆಗೆ ಹೋಗಿದ್ದರು. ಫ್ಯಾನು ಇದ್ದಕ್ಕಿದ್ದಂತೆ ಜೋರಾಗಿ ತಿರುಗಿ ನಿಂತಿತು. ಕೆಳಗೆಲ್ಲೋ ಒಗ್ಗರಣೆ ಸಿಡಿದಂಥ ಸದ್ದು, ಹಿಂದೆಯೇ ರಬ್ಬರು ಸುಟ್ಟ ವಾಸನೆ. ಬೀದಿಯಲ್ಲಿ ಮಾಲೀಕರ ಹೆಂಡತಿ "ಆಗ್, ಆಗ್" ಎಂದು ಕಿರುಚುತ್ತಿದ್ದರು. ಬೆಂಕಿ, ಬೆಂಕಿ ಎಂದು. ಗಂಡ ಹೆಂಡತಿ ಇಬ್ಬರೂ ಆಗಲೇ ಕೆಳಗೆ ಓಡಿ ಪಾರಾಗಿದ್ದರು. ನಾನು ಬಾಗಿಲು ತೆರೆದೆ. ಮೆಟ್ಟಿಲ ಕೆಳಗಿನಿಂದ ಕಪ್ಪು ಹೊಗೆ ಏರಿ ಬರುತ್ತಿತ್ತು.

ಆಗ ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬಾಗಿಲು ಮುಚ್ಚಿ ಮಗುವನ್ನು ತಬ್ಬಿ ಮೂಲೆಯಲ್ಲಿ ಕೂರಬೇಕೆನಿಸಿತು. ಬಾಲ್ಕನಿಯ ಜಾಲರಿ ಕಣ್ಣಿಗೆ ಬಿತ್ತು. ಕೆಳಗೆ ಸೇರಿದ ಜನ ಮೇಲೆ ನೋಡುತ್ತಿದ್ದರು, ಯಾರೂ ಏನೂ ಮಾಡುವಂತಿರಲಿಲ್ಲ. ನನ್ನ ಕೈ ಮಾತ್ರ, ದಿನವೂ ಟ್ಯಾಂಕಿ ನೋಡಲು ಹೊರಡುವಾಗ ಮಾಡುವಂತೆ, ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಎರಡು ದುಪಟ್ಟಾ ಬಕೆಟ್ಟಿಗೆ ಅದ್ದಿ ಇಬ್ಬರ ಮೂಗು ಬಾಯಿಗೂ ಕಟ್ಟಿದೆ.

"ಅಮ್ಮಾ, ಮುಝೇ ಡರ್ ಲಗ್ ರಹಾ ಹೈ" ಎಂದಳು ಅನು.

"ನನಗೂ ಭಯ ಕಂದಾ. ಕಣ್ಣು ಮುಚ್ಚು. ಗೋಡೆ ಹಿಡಿ. ಆಟದ ಹಾಗೆ."

ನಮ್ಮ ಬಾಗಿಲಿನಿಂದ ತಾರಸಿಗೆ ಒಂದೇ ತಿರುವು. ಅಷ್ಟರಲ್ಲೇ ಕಣ್ಣು ಉರಿದು ಏನೂ ಕಾಣದಾಯಿತು. ತಡವಿ ಬೀಗ ಹಿಡಿದೆ, ಬೀಗದ ಕೈ ತೂರಿಸಿ ತಿರುಗಿಸಿದೆ. ಬೆಣ್ಣೆಯಂತೆ ತೆರೆಯಿತು. ಹೊರಗಿನ ಬಿಸಿಲು ಮುಖಕ್ಕೆ ರಾಚಿದಾಗ ನಾನು ಅಳುತ್ತಿದ್ದೆ. ಅನುವನ್ನು ಎತ್ತಿ ಗೋಡೆ ದಾಟಿಸಿ, ನಾನೂ ದಾಟಿ, ಪಕ್ಕದವರ ಬಾಗಿಲಿಗೆ ಗುದ್ದಿದೆ. ಹಿಂದೆ ನಮ್ಮ ತಾರಸಿಯ ಬಾಗಿಲಿನಿಂದ ಹೊಗೆ ನುಗ್ಗುತ್ತಿತ್ತು, ಗಾಳಿ ಅದನ್ನು ನಮ್ಮ ಕಡೆಗೇ ತರುತ್ತಿತ್ತು. ಮಗು ಕೆಮ್ಮತೊಡಗಿತು.

"ಕೌನ್ ಹೈ?" ಒಳಗಿನಿಂದ ಆಂಟಿಯ ದನಿ. ಅದರಲ್ಲಿ ಗದರಿಕೆಗಿಂತ ಹೆದರಿಕೆ ಹೆಚ್ಚಿತ್ತು. ಇಲ್ಲಿ ತಾರಸಿಯ ಬಾಗಿಲು ಬಡಿದರೆ ಯಾರೂ ತೆಗೆಯುವುದಿಲ್ಲ. ಅಲ್ಲಿಂದ ಬರುವವರು ಕಳ್ಳರು ಎಂದೇ ಎಲ್ಲರ ಲೆಕ್ಕ.

ನಾನು ಬಾಯಿ ತೆರೆದೆ. ಒಂದೂ ಹಿಂದಿ ಪದ ಬರಲಿಲ್ಲ. ಕಲಿತದ್ದೆಲ್ಲ ಹೊಗೆಯ ಜೊತೆ ಹಾರಿಹೋಗಿತ್ತು. "ನಾನು ಆಂಟಿ, ನಾನು, ಬಾಗಿಲು ತೆಗೀರಿ, ಮಗು ಇದೆ, ಬೇಗ ತೆಗೀರಿ" ಎಂದು ಅಚ್ಚ ಕನ್ನಡದಲ್ಲಿ ಕೂಗಿದೆ.

ಅಗುಳಿ ಸರಿಯಿತು. ಆಂಟಿ ಅನುವನ್ನು ನನ್ನ ಕೈಯಿಂದ ಕಿತ್ತುಕೊಂಡು ಮೆಟ್ಟಿಲು ಇಳಿಯತೊಡಗಿದರು. ನಾನು ಅವರ ಸೆರಗು ಹಿಡಿದು ಇಳಿದೆ. ಬೀದಿಗೆ ಬಂದ ಮೇಲೆ ಹೇಳಿದರು, "ಐಸೀ ಗಿಟ್‌ಪಿಟ್ ಪೂರೀ ಗಲೀ ಮೇ ಔರ್ ಕೌನ್ ಕರ್ತಾ ಹೈ?" ಇಡೀ ಗಲ್ಲಿಯಲ್ಲಿ ಹೀಗೆ ಗೊಣಗೊಣ ಅನ್ನುವವರು ನನ್ನನ್ನು ಬಿಟ್ಟು ಇನ್ನಾರು ಎಂದು. ಹೇಳಿದವರೇ ಅಲ್ಲೇ ರಸ್ತೆಬದಿಯಲ್ಲಿ ಕುಸಿದು ಕೂತರು.

ಅಗ್ನಿಶಾಮಕ ವಾಹನ ಬಂತು, ಬೆಂಕಿ ಆರಿತು. ನಮ್ಮ ಮನೆಯ ಗೋಡೆಗಳಿಗೆ ಮಸಿ ಹಿಡಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಬಂದವರೆಲ್ಲ "ಕಿಸ್ಮತ್ ಅಚ್ಛೀ ಥೀ" ಎಂದರು. ಅದೃಷ್ಟ ಚೆನ್ನಾಗಿತ್ತು. ಫೋನಿನಲ್ಲಿ ಅತ್ತೆ, "ಮನೆದೇವರು ಕಾಪಾಡಿದ ನೋಡವ್ವಾ" ಎಂದು ಅತ್ತರು. ಆಂಟಿಯ ಮನೆಯಲ್ಲಿ ನಾವು ಮಲಗಿದ ವಾರವಿಡೀ ನಮ್ಮವರು ಅನುವಿನ ಪಾದ ಒತ್ತುತ್ತಾ ಕೂರುತ್ತಿದ್ದರು. ಮನೆಗೆ ಮರಳುವ ಮೊದಲು ಬಾಲ್ಕನಿಯ ಜಾಲರಿಯಲ್ಲಿ ಒಂದು ಕಿಂಡಿಬಾಗಿಲು ಮಾಡಿಸಿದರು.

ಅದೃಷ್ಟವಲ್ಲ ಎಂದು ನಾನು ವಾದಿಸಲಾರೆ. ಆಂಟಿ ಅವತ್ತು ಸತ್ಸಂಗಕ್ಕೆ ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಆಂಟಿ ಮನೆಯಲ್ಲಿದ್ದ ಅದೃಷ್ಟ ನನಗೆ ದಕ್ಕಿದ್ದು ಸಂಡಿಗೆ ತಟ್ಟೆ ಹಿಡಿದು ಅಂಜುತ್ತಲೇ ಇಳಿದು ಹೋದದ್ದರಿಂದ, ನಗೆಪಾಟಲಾದರೂ ದಿನವೂ ಆ ಗೋಡೆಯ ಹತ್ತಿರ ನಿಂತದ್ದರಿಂದ. ಮೂರು ಚಿಲಕ ಹಾಕಿ ಕೂತಿದ್ದ ಮೊದಲಿನ ಸುಧಾಳಿಗೂ ನನ್ನಷ್ಟೇ ಭಯವಿತ್ತು. ಆಕೆ ಉಳಿಯುತ್ತಿರಲಿಲ್ಲ.

ಜೂನ್‌ನಲ್ಲಿ ರಜೆಗೆ ದಾವಣಗೆರೆಗೆ ಹೋದೆವು. ನನ್ನ ಅಕ್ಕ ಹೊಸದಾಗಿ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡಿದ್ದಾಳೆ, ಅಲ್ಲೇ ಇಳಿದುಕೊಂಡೆವು. ಊರು ಸೇರಿದ ಕೂಡಲೇ ಜೀವಕ್ಕೆ ಹಾಯೆನಿಸಬೇಕಿತ್ತು. ಬೆಣ್ಣೆದೋಸೆ ತಿಂದೆ, ಕಿವಿ ತುಂಬ ಕನ್ನಡ ಕೇಳಿದೆ. ಮಧ್ಯಾಹ್ನ ಮಲಗಿದರೆ ಕಣ್ಣು ಮುಚ್ಚಲಾಗಲಿಲ್ಲ, ಇಲ್ಲಿ ಬೆಂಕಿ ಬಿದ್ದರೆ ಯಾರ ಬಾಗಿಲು ಬಡಿಯುವುದು ಎಂಬುದೇ ತಲೆಯಲ್ಲಿ.

"ಅಕ್ಕಾ, ನಿಮ್ಮ ಮೇಲಿನ ಮನೇಲಿ ಯಾರಿದಾರೆ?"

"ಯಾರೋ ಹಿಂದಿಯೋರು ಕಣೇ. ಫ್ಯಾಕ್ಟರಿ ಕೆಲಸಕ್ಕೆ ಬಂದೋರಂತೆ. ಆ ಹೆಂಗಸು ಹೊರಗೇ ಬರಲ್ಲ. ನಮಗ್ಯಾಕೆ ಅವರ ಉಸಾಬರಿ?"

ನಾನು ಎದ್ದು ಮೇಲೆ ಹತ್ತಿದೆ. "ಎಲ್ಲಿಗೇ?" ಎನ್ನುತ್ತಾ ಅಕ್ಕ ಹಿಂದೆಯೇ ಬಂದಳು. ಕರೆಗಂಟೆ ಒತ್ತಿದೆ. ತುಂಬ ಹೊತ್ತಿನ ಮೇಲೆ ಬಾಗಿಲು ನಾಲ್ಕು ಬೆರಳಗಲ ತೆರೆಯಿತು. ಒಳಗಿನ ಸರಪಳಿ ಹಾಗೇ ಇತ್ತು. ಅದರ ಮೇಲೆ ಒಂದು ಕಣ್ಣು, ಅದರಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಹೆದರಿಕೆ.

"ನಮಸ್ತೇ. ನೀಚೇ ವಾಲೀ ದೀದೀ ಕೀ ಬೆಹನ್ ಹೂಂ" ಎಂದೆ. ಕೆಳಗಿನ ಅಕ್ಕನ ತಂಗಿ ಎಂದು. ಹಿಂದಿ ಕೇಳಿ ಆ ಕಣ್ಣು ಅಗಲವಾಯಿತು.

"ಆಪ್ ಕಹಾಂ ಸೇ ಹೋ?"

ನೀವು ಎಲ್ಲಿಯವರು ಎಂದಳು. ನಾನು ಹುಟ್ಟಿ ಬೆಳೆದ ಊರಿನ ಮೆಟ್ಟಿಲ ಮೇಲೆ ನಿಂತಿದ್ದೆ.

"ದಿಲ್ಲೀ ಸೇ" ಎಂದುಬಿಟ್ಟೆ.

"ಏನೇ ಹಾಗಂದ್ರೆ? ನೀನು ಇದೇ ಊರಿನವಳಲ್ವಾ?" ಎಂದಳು ಹಿಂದೆ ನಿಂತ ಅಕ್ಕ. ಒಳಗಿನಾಕೆ ಸರಪಳಿ ತೆಗೆಯುತ್ತಿದ್ದಳು.